ಉಡುಪು ನೋಡಿ ಗಿರಾಕಿಯನ್ನು ಅಳೆದಾಗ

2022ರ ಜನವರಿಯಲ್ಲಿ ತುಮಕೂರಿನ ವಾಹನ ಮಳಿಗೆಯೊಂದಕ್ಕೆ ಸರಕು ಸಾಗಿಸುವ ಪಿಕಪ್ ಕೊಳ್ಳಲು ರೈತರೊಬ್ಬರು ಬಂದಿದ್ದರು. ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಾರದೆಂದು ಮಾರಾಟ ಸಿಬ್ಬಂದಿ ಹೀಯಾಳಿಸಿದರೆಂಬುದು ಅವರ ದೂರು. ಗಂಟೆಯೊಳಗೆ 10 ಲಕ್ಷ ರೂಪಾಯಿ ನಗದು ತಂದ ಅವರು, ಅಂದೇ ವಾಹನ ಒದಗಿಸುವಂತೆ ಪಟ್ಟು ಹಿಡಿದರು. ಅದು ಸಾಧ್ಯವಾಗಲಿಲ್ಲ, ವಿಷಯ ಪೊಲೀಸ್ ಠಾಣೆಯ ಮೆಟ್ಟಿಲೇರಿತು. ಕೊನೆಗೆ ಕ್ಷಮಾಯಾಚನೆಯೂ ನಡೆಯಿತು, ಕೆಲ ದಿನಗಳಲ್ಲಿ ವಾಹನವೂ ಮನೆ ಸೇರಿತು.

ಮಾಸಿಕ ಗುರಿಯ ಒತ್ತಡದಲ್ಲಿರುವ ಮಾರಾಟಗಾರನು ಸಮಯ ಉಳಿಸಲೆಂದು ಉಡುಪಿನಿಂದಲೇ ಗಿರಾಕಿಗಳನ್ನು ಜರಡಿ ಹಿಡಿಯುತ್ತಾನೆ. ಕೊಬ್ಬರಿ ವಹಿವಾಟಿಗೆ ಹೆಸರಾದ ತಿಪಟೂರು ಇರುವ ಜಿಲ್ಲೆಯಲ್ಲಿ ಈ ಜರಡಿಯಿಂದ ಜಾರಿಹೋಗುವುದು ಕಾಳೇ. ತೋಟದಿಂದ ಮಂಡಿಗೆ, ಮಂಡಿಯಿಂದ ಮಳಿಗೆಗೆ ಬರುವವರ ಪಂಚೆಗೆ ಮಣ್ಣು ಮೆತ್ತಿರುವುದು ಸಹಜ. ಪಿಕಪ್ ಕೊಳ್ಳುವವರೂ ಅವರೇ ಅಲ್ಲವೇ? ಬಾಗಿಲಲ್ಲಿ ಕೇಳಬೇಕಾದುದು ಹಣದ ಮಾತಲ್ಲ. ಯಾವ ಸರಕು, ಎಷ್ಟು ಭಾರ, ಎಂತಹ ರಸ್ತೆ ಎಂಬುದು.