ಸ್ಪರ್ಧೆಯೂ ಮಾತ್ಸರ್ಯವೂ: ಎರಡು ವಾದ್ಯಮೇಳಗಳ ಕಥೆ

ಸ್ಪರ್ಧೆ, ಮಾತ್ಸರ್ಯ, ಅಸೂಯೆ ಎಂಬ ಮೂರು ಮಾತುಗಳನ್ನು ನಾವು ದಿನವಹಿ ವ್ಯವಹಾರದಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥದಲ್ಲಿ ಬಳಸುತ್ತೇವೆ. ನಮ್ಮ ಪ್ರಾಚೀನ ಕೋಶಕಾರರಾದರೋ ಇವುಗಳನ್ನು ಬೇರೆಬೇರೆಯಾಗಿಯೇ ಎಣಿಸಿದರು. ಇನ್ನೊಬ್ಬನನ್ನು ಮೀರಬೇಕೆಂಬ ಹಂಬಲವು ಸ್ಪರ್ಧೆ. ಇನ್ನೊಬ್ಬನ ಏಳಿಗೆಯನ್ನು ಸಹಿಸಲಾರದ ಸಂಕಟವು ಮಾತ್ಸರ್ಯ. ಇನ್ನೊಬ್ಬನ ಗುಣದಲ್ಲಿಯೂ ದೋಷವನ್ನೇ ಕಾಣುವ ದೃಷ್ಟಿಯು ಅಸೂಯೆ. ಮೊದಲನೆಯದು ಮನುಷ್ಯನನ್ನು ಮೇಲಕ್ಕೊಯ್ಯಬಲ್ಲುದು. ಉಳಿದೆರಡು ತಾವು ಹುಟ್ಟಿದ ಎದೆಯನ್ನೇ ಮೊದಲು ಸುಡುತ್ತವೆ. ಒಂದು ಮುಗಿದು ಮತ್ತೊಂದು ಮೊದಲಾಗುವ ಗಡಿಯು ಎಲ್ಲಿದೆಯೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಅಮೆರಿಕದ ಸಾಕ್ಷ್ಯಚಿತ್ರವೊಂದುಂಟು. ಅದರ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಚಿತ್ರದ ಹೆಸರು 'ಡಿಗ್!'. ಇದನ್ನು ನಿರ್ಮಿಸಿದವರು ಆಂಡಿ ಟಿಮೊನರ್ ಎಂಬ ಮಹಿಳೆ. 2004ನೆಯ ಇಸವಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರಗಳಿಗೆ ಮೀಸಲಾದ ಅತ್ಯುಚ್ಚ ಬಹುಮಾನವು ಇದಕ್ಕೆ ಬಂದಿತು. ಏಳು ವರ್ಷಗಳ ಕಾಲ ಇಬ್ಬರು ಗೆಳೆಯರನ್ನೂ ಅವರವರ ವಾದ್ಯಮೇಳಗಳನ್ನೂ ಬೆನ್ನುಬಿಡದೆ ಹಿಂಬಾಲಿಸಿ ತೆಗೆದ ಚಿತ್ರವಿದು. ರಾಕ್ ಸಂಗೀತವೆಂದೊಡನೆ ನಮ್ಮ ಮನೆಗಳ ಹಿರಿಯರು ಕಿವಿ ಮುಚ್ಚಿಕೊಳ್ಳುವುದುಂಟು. ಅದರ ಗುಣಾವಗುಣಗಳನ್ನು ನಿರ್ಣಯಿಸುವ ಅಧಿಕಾರ ನನಗಿಲ್ಲ. ಆದರೆ ಅದನ್ನು ಹಾಡುವವರು ನಮ್ಮಂತೆಯೇ ರಾಗದ್ವೇಷಗಳುಳ್ಳ ಮನುಷ್ಯರು. ಅವರ ಕಥೆಯನ್ನು ತಿಳಿಯಲು ಆ ಸಂಗೀತದ ಪರಿಚಯವೇನೂ ಬೇಕಾಗಿಲ್ಲ.

ಮೊದಲನೆಯ ಮೇಳವು 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿದ 'ಬ್ರಯಾನ್ ಜೋನ್ಸ್‌ಟೌನ್ ಮ್ಯಾಸಕರ್'. ಇದರ ನಾಯಕ ಆಂಟನ್ ನ್ಯೂಕೂಂಬ್. ಹೆಸರಿನಲ್ಲಿಯೇ ಎರಡು ದುರ್ಮರಣಗಳ ನೆನಪು ಅಡಗಿದೆ. ರೋಲಿಂಗ್ ಸ್ಟೋನ್ಸ್ ಎಂಬ ಪ್ರಸಿದ್ಧ ಮೇಳದ ಬ್ರಯಾನ್ ಜೋನ್ಸನು 1966ರಲ್ಲಿ ನಮ್ಮ ಸಿತಾರನ್ನು ತನ್ನ ಮೇಳದ ಹಾಡಿನಲ್ಲಿ ನುಡಿಸಿ, 1969ರಲ್ಲಿ ತನ್ನ 27ನೆಯ ವಯಸ್ಸಿನಲ್ಲಿ ಈಜುಕೊಳದಲ್ಲಿ ಸತ್ತನು. ಜೋನ್ಸ್‌ಟೌನ್ ಎಂಬುದು ಗಯಾನಾ ದೇಶದಲ್ಲಿ 1978ರಲ್ಲಿ ಒಂದು ಪಂಥದ 900ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡ ನೆಲೆ. ಎರಡನೆಯ ಮೇಳವು ಆರೆಗನ್ ಪ್ರಾಂತದ ಪೋರ್ಟ್‌ಲೆಂಡ್ ನಗರದ 'ಡ್ಯಾಂಡಿ ವಾರ್ಹೋಲ್ಸ್'. ಆಂಡಿ ವಾರ್ಹೋಲ್ ಎಂಬ ಚಿತ್ರಕಾರನ ಹೆಸರನ್ನು ವಿನೋದಕ್ಕಾಗಿ ತಿರುಚಿ ಇಟ್ಟ ಹೆಸರದು. ಅದರ ನಾಯಕ ಕೋರ್ಟ್ನಿ ಟೇಲರ್.

ಆರಂಭದಲ್ಲಿ ಇವರಿಬ್ಬರದು ಅಕೃತ್ರಿಮವಾದ ಸ್ನೇಹ. ಒಬ್ಬರ ಹಾಡನ್ನು ಇನ್ನೊಬ್ಬರು ಮನಸಾರೆ ಮೆಚ್ಚುವರು. ಇಬ್ಬರೂ ಕೂಡಿ ಸಂಗೀತ ಪ್ರಪಂಚವನ್ನೇ ಬದಲಿಸುವೆವೆಂದು ಸಂಕಲ್ಪಿಸುವರು. ನ್ಯೂಕೂಂಬನ ಸೃಷ್ಟಿಶಕ್ತಿಯಂತೂ ಬೆರಗುಗೊಳಿಸುವಂಥದು. 1996ರ ಒಂದೇ ವರ್ಷದಲ್ಲಿ ಅವನ ಮೇಳದ ಮೂರು ಧ್ವನಿಮುದ್ರಿಕೆಗಳು ಹೊರಬಂದುವು. ಅವುಗಳಲ್ಲೊಂದಕ್ಕೆ ತಗಲಿದ ವೆಚ್ಚ ಕೇವಲ 17 ಡಾಲರು 36 ಸೆಂಟುಗಳೆಂದು ಆ ಮೇಳದವರೇ ಹೇಳಿಕೊಂಡರು. ಅಲ್ಪ ಸಾಧನದಿಂದ ಅಧಿಕ ಫಲವನ್ನು ಪಡೆಯುವ ಈ ಚಾತುರ್ಯವನ್ನು ಟೇಲರನು ಚಿತ್ರದುದ್ದಕ್ಕೂ ಕೊಂಡಾಡುತ್ತಾನೆ. ತನಗಿಂತ ಆಂಟನನೇ ಹೆಚ್ಚಿನ ಪ್ರತಿಭಾವಂತನೆಂದು ಒಪ್ಪುವುದಕ್ಕೂ ಅವನು ಹಿಂಜರಿಯುವುದಿಲ್ಲ.

ಹೀಗಿರುವಾಗ ಅದೇ 1996ರಲ್ಲಿ ಲಾಸ್ ಏಂಜಲೀಸ್ ನಗರದ ವೈಪರ್ ರೂಮ್ ಎಂಬಲ್ಲಿ ನ್ಯೂಕೂಂಬನ ಮೇಳದ ಕಚೇರಿಯೊಂದು ಏರ್ಪಟ್ಟಿತು. ಧ್ವನಿಮುದ್ರಣ ಕಂಪೆನಿಗಳ ಪ್ರತಿನಿಧಿಗಳು ಕೇಳಲು ಬಂದಿದ್ದರು. ಕರಾರು ಕೈಗೂಡುವ ಸಮಯ. ಆ ರಾತ್ರಿಯೇ ರಂಗದ ಮೇಲೆ, ಬಂದವರೆಲ್ಲರ ಎದುರಿನಲ್ಲಿ, ಮೇಳದವರು ತಮ್ಮತಮ್ಮಲ್ಲಿಯೇ ಹೊಡೆದಾಡಿಕೊಂಡರು. ಆ ಗದ್ದಲದಲ್ಲಿ ಒಂದು ಸಿತಾರು ಮುರಿಯಿತು. ನ್ಯೂಕೂಂಬನು ಅದಕ್ಕಾಗಿ ಕೂಗಾಡಿದನು. ಮಹಾನವಮಿಯ ದಿನ ಪುಸ್ತಕದೊಡನೆ ವೀಣೆಯನ್ನೂ ಮಣೆಯ ಮೇಲಿಟ್ಟು ಹೂವೇರಿಸುವ ಮನೆಯಲ್ಲಿ ಬೆಳೆದವರಿಗೆ ಈ ದೃಶ್ಯವು ದುಸ್ಸಹವಾದುದು. ಸಿತಾರನ್ನಾದರೂ ಮತ್ತೆ ಕೊಳ್ಳಬಹುದು. ಆ ಸಂಜೆ ಬಂದಿದ್ದ ಅವಕಾಶವನ್ನು ಕೊಳ್ಳುವ ಬಗೆಯಿರಲಿಲ್ಲ.

ಅತ್ತ ಟೇಲರನ ಮೇಳಕ್ಕೆ ಕ್ಯಾಪಿಟಲ್ ಎಂಬ ದೊಡ್ಡ ಕಂಪೆನಿಯೊಡನೆ ಕರಾರಾಯಿತು. ಅವರ ಹಾದಿಯೂ ಹೂವಿನದಾಗಿರಲಿಲ್ಲ. ಅವರು ಮೊದಲು ಸಿದ್ಧಪಡಿಸಿದ ಧ್ವನಿಮುದ್ರಿಕೆಯನ್ನು ಕಂಪೆನಿಯು ತಿರಸ್ಕರಿಸಿತು. ಅವರು ಕೋಪವನ್ನು ನುಂಗಿಕೊಂಡು ಬೇರೆ ಹಾಡುಗಳನ್ನು ಕಟ್ಟಿ 1997ರಲ್ಲಿ ಹೊರತಂದರು. ಅದರೊಳಗಿನ ಒಂದು ಹಾಡು ಹೆರಾಯಿನ್ ಎಂಬ ಮಾದಕದ್ರವ್ಯಕ್ಕೆ ವಶರಾದವರನ್ನು ಹಾಸ್ಯಮಾಡುವಂಥದು. ನ್ಯೂಕೂಂಬನ ಮೇಳದವರು ಡ್ಯಾಂಡಿಗಳನ್ನೇ ಹಾಸ್ಯಮಾಡುವ ಹಾಡೊಂದರಿಂದ ಇದಕ್ಕೆ ಉತ್ತರ ಕೊಟ್ಟರು. ಹಾಡಿಗೆ ಹಾಡು ಎಂಬಷ್ಟರಲ್ಲಿಯೇ ನಿಂತಿದ್ದರೆ ಅದು ವಿದ್ವತ್ಸಭೆಗೂ ಒಪ್ಪುವ ಸ್ಪರ್ಧೆ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ನ್ಯೂಕೂಂಬನು ಟೇಲರನ ಮೇಳದ ಒಬ್ಬೊಬ್ಬರ ಹೆಸರನ್ನೂ ಬಂದೂಕಿನ ತೋಟಾಗಳ ಮೇಲೆ ಬರೆದು ಕಾಣಿಕೆಯಾಗಿ ತಲಪಿಸಿದನು. ಅವನಿಗೆ ಅದು ವಿನೋದವಾಗಿದ್ದಿರಬಹುದು. ಪಡೆದವರಿಗೆ ಅದು ಭಯ. ನಾನು ಮೊದಲು ಹೇಳಿದ ಗಡಿಯು ದಾಟಿಹೋದುದು ಇಲ್ಲಿಯೇ.

1998ರಲ್ಲಿ ನ್ಯೂಕೂಂಬನಿಗೂ ಟಿ.ವಿ.ಟಿ. ಎಂಬ ಕಂಪೆನಿಯ ಆಶ್ರಯ ದೊರೆಯಿತು. ಆದರೆ ಅಷ್ಟರಲ್ಲಿ ಮಾದಕದ್ರವ್ಯವು ಮೇಳದೊಳಗೆ ಮನೆಮಾಡಿದ್ದಿತು. ಹಳೆಯ ಜೊತೆಗಾರರು ಒಬ್ಬೊಬ್ಬರಾಗಿ ತೊಲಗಿದರು. ಡ್ಯಾಂಡಿಗಳು 2000ದಲ್ಲಿ ಹೊರತಂದ ಹಾಡೊಂದು 2001ರಲ್ಲಿ ವೊಡಾಫೋನ್ ದೂರವಾಣಿ ಕಂಪೆನಿಯ ಜಾಹೀರಾತಿನ ಮೂಲಕ ಯೂರೋಪಿನ ಮನೆಮನೆಗಳನ್ನೂ ಮುಟ್ಟಿತು.

ಇದನ್ನು ನೋಡಿದವರು 'ಒಬ್ಬನಿಗೆ ಪ್ರತಿಭೆಯಿತ್ತು, ಇನ್ನೊಬ್ಬನಿಗೆ ವಿವೇಕವಿತ್ತು' ಎಂದು ತೀರ್ಪು ಕೊಟ್ಟು ಏಳುವುದು ಸಹಜ. ಆದರೆ ತೀರ್ಪು ಕೊಡುವ ಮೊದಲು ಸಾಕ್ಷಿ ಯಾರೆಂಬುದನ್ನು ವಿಚಾರಿಸಬೇಕಷ್ಟೆ. ಈ ಚಿತ್ರದ ಕಥೆಯನ್ನು ನಿರೂಪಿಸುವ ಧ್ವನಿಯು ಗೆದ್ದ ಪಕ್ಷದವನಾದ ಟೇಲರನದೇ. ಚಿತ್ರಕ್ಕಾಗಿ ತೆಗೆದ ದೃಶ್ಯಗಳ ಒಟ್ಟು ಅವಧಿಯು ಸುಮಾರು 1500 ಗಂಟೆಗಳು. ನಮಗೆ ದೊರೆತುದು 107 ನಿಮಿಷಗಳು. ಲೆಕ್ಕಮಾಡಿ ನೋಡಿದರೆ ಎಂಟುನೂರಕ್ಕೂ ಹೆಚ್ಚು ನಿಮಿಷಗಳಲ್ಲಿ ಒಂದನ್ನು ಮಾತ್ರ ನಾವು ಕಂಡಂತಾಯಿತು. ನಮ್ಮಲ್ಲಿ ಯಾರ ಸಂಸಾರವಾದರೂ ಹೀಗೆ ಆಯ್ದು ತೋರಿಸಿದರೆ ಮರ್ಯಾದೆಯಾಗಿ ಉಳಿದೀತೇ? ತನ್ನ ವರ್ಷಗಟ್ಟಲೆಯ ದುಡಿಮೆಯನ್ನು ಕೆಲವು ಹೊಡೆದಾಟಗಳಿಗೆ ಇಳಿಸಿಬಿಟ್ಟರೆಂದು ನ್ಯೂಕೂಂಬನು ಬಹಿರಂಗವಾಗಿ ಆಕ್ಷೇಪಿಸಿದನು. ಟೇಲರನಿಗೂ ಚಿತ್ರವು ಪೂರ್ಣ ತೃಪ್ತಿಯನ್ನು ಕೊಡಲಿಲ್ಲ. 2024ರಲ್ಲಿ ಅದೇ ನಿರ್ಮಾಪಕಿಯು ಚಿತ್ರವನ್ನು ಹಿಗ್ಗಿಸಿ ಮತ್ತೆ ಹೊರತಂದಾಗ, ನ್ಯೂಕೂಂಬನ ಮೇಳದಲ್ಲಿ ಕಂಜರವನ್ನು ಹೋಲುವ ಟ್ಯಾಂಬೊರಿನ್ ನುಡಿಸುವ ಜೋಯೆಲ್ ಗಿಯಾನನ ನಿರೂಪಣೆಯನ್ನೂ ಸೇರಿಸಿದ್ದು ನ್ಯಾಯವೇ ಆಯಿತು.

ಇಷ್ಟಾದರೂ ಚಿತ್ರದಲ್ಲಿ ಕಂಡುದು ಸುಳ್ಳಲ್ಲ. ಅದನ್ನು ನೋಡುವಾಗ ನನ್ನ ಗಮನವನ್ನು ಹೆಚ್ಚಾಗಿ ಸೆಳೆದವರು ನ್ಯೂಕೂಂಬನ ಸುತ್ತ ನೆರೆದವರು. ಅವನು ಸಿಡಿದಾಗ ಕೆಲವರು ನಕ್ಕರು. ಕೆಲವರು 'ಅವನು ಮಹಾಪ್ರತಿಭಾಶಾಲಿ, ಅವನ ರೀತಿಯೇ ಹಾಗೆ' ಎಂದು ಸಮಾಧಾನ ಹೇಳಿಕೊಂಡರು. ಸುಮಾರು ಮೂವತ್ತೈದು ವರ್ಷ ಪಾಠಶಾಲೆಯಲ್ಲಿ ಕಳೆದ ನನಗೆ ಈ ಮಾತು ಅಪರಿಚಿತವಲ್ಲ. ತರಗತಿಯ ಜಾಣ ಹುಡುಗನು ಸಹಪಾಠಿಯ ಹಲಗೆಯನ್ನು ಒಡೆದರೆ 'ಬುದ್ಧಿವಂತ, ಸ್ವಲ್ಪ ಮುಂಗೋಪಿ' ಎನ್ನುತ್ತೇವೆ; ಸಾಧಾರಣ ಹುಡುಗನು ಅದನ್ನೇ ಮಾಡಿದರೆ ಅವನಿಗೆ ಶಿಕ್ಷೆ. ಜಾಣನಿಗೆ ನಾವು ತೋರುವ ಈ ರಿಯಾಯಿತಿಯು ಪ್ರೀತಿಯಂತೆ ಕಂಡರೂ ಪರಿಣಾಮದಲ್ಲಿ ಉಪೇಕ್ಷೆಯೇ. ತನ್ನ ಕೋಪವೂ ತನ್ನ ವಿದ್ಯೆಯ ಒಂದು ಅಂಗವೆಂದು ಅವನು ನಂಬತೊಡಗುತ್ತಾನೆ. ಅನಂತರ ಕೋಪವನ್ನು ಬಿಟ್ಟರೆ ವಿದ್ಯೆಯೂ ಹೋದೀತೆಂದು ಹೆದರುತ್ತಾನೆ.

ಈ ಹೆದರಿಕೆಯು ನಿರಾಧಾರವಾದುದೆಂದು ನ್ಯೂಕೂಂಬನ ಬಾಳಿನ ಉತ್ತರಾರ್ಧವೇ ಸಾರುತ್ತದೆ. ಚಿತ್ರವನ್ನು ಕಂಡವರು ಈತನು ಬಹುಕಾಲ ಬದುಕಲಾರನೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಅವನು ಜರ್ಮನಿಯ ಬರ್ಲಿನ್ ನಗರದಲ್ಲಿ ನೆಲೆಸಿ, ಪಾನವನ್ನು ತ್ಯಜಿಸಿ, ಸ್ವಂತ ಮುದ್ರಣಶಾಲೆಯಲ್ಲಿ ಹಾಡುಗಳನ್ನು ರಚಿಸುತ್ತ ಬಂದನು. ವ್ಯಸನದ ದಿನಗಳಲ್ಲಿ ಹೊಮ್ಮಿದ ಹಾಡುಗಳು ವ್ಯಸನವನ್ನು ಬಿಟ್ಟಮೇಲೆಯೂ ಬತ್ತಲಿಲ್ಲ. ಆದರೆ ಹಳೆಯ ಸಂಸ್ಕಾರವು ಬೇಗ ಅಳಿಯುವಂಥದಲ್ಲ. ಚಿತ್ರವು ಪ್ರಸಿದ್ಧವಾದ ಮೇಲೆ ಜಗಳವನ್ನು ಕಾಣಲೆಂದೇ ಬಂದು ಅವನನ್ನು ಕೆಣಕುವ ಪ್ರೇಕ್ಷಕರೂ ಹುಟ್ಟಿಕೊಂಡರು. 2023ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಮೇಳದವರು ಮತ್ತೆ ರಂಗದ ಮೇಲೆಯೇ ಹೊಡೆದಾಡಿ, ಉಳಿದ ಕಚೇರಿಗಳು ರದ್ದಾದುವು. ಇತ್ತ ಡ್ಯಾಂಡಿಗಳು ಸದ್ದಿಲ್ಲದೆ ದುಡಿದು 2024ರಲ್ಲಿಯೂ ಹೊಸ ಧ್ವನಿಮುದ್ರಿಕೆಯೊಂದನ್ನು ಹೊರತಂದರು.

ಗೃಹಸ್ಥರಾದ ನಮಗೆ ಇದರಿಂದ ಆಗಬೇಕಾದುದೇನೆಂದರೆ: ಸಂಗೀತದಲ್ಲಾಗಲಿ, ಆಟಪಾಠಗಳಲ್ಲಾಗಲಿ, ನಮ್ಮ ಮನೆಯ ಹುಡುಗನಿಗೋ ಹುಡುಗಿಗೋ ಪ್ರತಿಭೆಯಿದ್ದರೆ ಅದನ್ನು ಹೊಗಳುವ ಬಾಯಿಂದಲೇ ಅವರ ದುಡುಕನ್ನೂ ತಡೆಯಬೇಕು. ನೆರೆಮನೆಯ ಮಗುವಿಗೆ ಬಹುಮಾನ ಬಂದ ದಿನ ನಮ್ಮ ಮಗುವು ಮುಖ ಬಾಡಿಸಿಕೊಂಡು ಕುಳಿತರೆ ಗದರಿಸಬೇಕಾಗಿಲ್ಲ. ಬಳಿಯಲ್ಲಿ ಕೂಡಿಸಿಕೊಂಡು ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು: "ನೀನು ಅವನಿಗಿಂತ ಚೆನ್ನಾಗಿ ಹಾಡಬೇಕೋ, ಅಥವಾ ಅವನು ಹಾಡುವುದನ್ನು ನಿಲ್ಲಿಸಬೇಕೋ?" ಮೊದಲನೆಯದೆಂದು ಉತ್ತರ ಬಂದರೆ ತಂಬೂರಿಯನ್ನು ಶ್ರುತಿಮಾಡಿ ಕೈಗೆ ಕೊಡಿ. ಎರಡನೆಯದೆಂದಾದರೆ ಆ ಸಂಜೆ ಪಾಠವನ್ನು ಬದಿಗಿಟ್ಟು, ಮಗುವಿನೊಡನೆ ಬಹುಹೊತ್ತು ಮಾತನಾಡಿ.