ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ಹೋಗುತ್ತದೆಯೇ?

ಕಾರು ಕೊಂಡವರಿಗೆ ಷೋರೂಮಿನಲ್ಲಿ ಮೊದಲು ಸಿಗುವ ಎಚ್ಚರಿಕೆ ಇದು: ‘ಹೊರಗಡೆ ಕೈ ಹಾಕಿಸಬೇಡಿ ಸಾರ್, ವಾರಂಟಿ ಹೋಗುತ್ತೆ.’ ಅದನ್ನು ನಂಬಿ ವೈಪರ್ ಬ್ಲೇಡ್ ಬದಲಿಸುವುದಕ್ಕೂ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗುವವರಿದ್ದಾರೆ. ಇನ್ನೊಂದು ಕಡೆ, ದುಡ್ಡು ಕೊಟ್ಟು ಕೊಂಡದ್ದು ನನ್ನ ಕಾರು ಎಂದು ಸೈಲೆನ್ಸರ್ ಕತ್ತರಿಸಿ, ಮುಂದೆ ಕಬ್ಬಿಣದ ಬಂಪರ್ ಬೆಸೆದು ಓಡಾಡುವವರೂ ಇದ್ದಾರೆ. ಇಬ್ಬರ ತಿಳಿವಳಿಕೆಯೂ ತಪ್ಪು. ನಮ್ಮಲ್ಲಿ ರಿಪೇರಿಗೆ ಒಂದು ನಿಯಮ, ಮಾರ್ಪಾಡಿಗೆ ಇನ್ನೊಂದು ನಿಯಮ.

ಮೊದಲು ರಿಪೇರಿ. ಸ್ವಂತ ಕಾರನ್ನು ಸ್ವಂತ ಕೈಯಲ್ಲಿ ಅಥವಾ ನಿಮಗೆ ಬೇಕಾದ ಮೆಕ್ಯಾನಿಕ್ ಕೈಯಲ್ಲಿ ಸರಿಪಡಿಸಿಕೊಳ್ಳಬಾರದು ಎನ್ನುವ ಕಾನೂನು ಭಾರತದಲ್ಲಿ ಇಲ್ಲ. ಹಾಗೆಯೇ, ‘ರಿಪೇರಿ ಹಕ್ಕು’ ಎಂಬ ಹೆಸರಿನ ಪ್ರತ್ಯೇಕ ಕಾಯ್ದೆಯೂ ಇಲ್ಲ. ಸದ್ಯಕ್ಕೆ ನಮಗಿರುವ ದೊಡ್ಡ ಆಧಾರ ಎಂದರೆ ಸ್ಪರ್ಧಾ ಆಯೋಗದ ಒಂದು ಆದೇಶ. ಬಿಡಿಭಾಗಗಳನ್ನೂ, ದೋಷ ಹುಡುಕುವ ಉಪಕರಣಗಳನ್ನೂ ಕಂಪನಿಗಳು ತಮ್ಮ ಡೀಲರುಗಳಿಗೆ ಮಾತ್ರ ಕೊಟ್ಟು ಹೊರಗಿನ ಗ್ಯಾರೇಜುಗಳ ಕೈ ಕಟ್ಟಿಹಾಕುತ್ತಿವೆ ಎಂದು ಒಬ್ಬ ಗ್ರಾಹಕರು ಆಯೋಗಕ್ಕೆ ದೂರು ಕೊಟ್ಟಿದ್ದರು. 2014ರ ಆಗಸ್ಟ್ 25ರಂದು ಆಯೋಗ ದೂರನ್ನು ಒಪ್ಪಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿಯಿತು. ದಂಡವನ್ನು ಮಾತ್ರ ಬಿಡಿಭಾಗಗಳ ವಹಿವಾಟಿಗೆ ಸೀಮಿತಗೊಳಿಸಿ ಇಳಿಸಿತು. ವ್ಯಾಜ್ಯ ಅಲ್ಲಿಗೂ ನಿಲ್ಲಲಿಲ್ಲ, ಉನ್ನತ ನ್ಯಾಯಾಲಯಗಳ ಮೆಟ್ಟಿಲೇರಿತು.

ನಮಗೆ ದಂಡಕ್ಕಿಂತ ಮುಖ್ಯವಾದದ್ದು ಆ ಆದೇಶ ವಾರಂಟಿಯ ಬಗ್ಗೆ ಹೇಳಿದ ಮಾತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಎನ್ನುವಂತಿಲ್ಲ. ಹೊರಗಿನ ಕೆಲಸ ಕೆಟ್ಟು, ಅದರಿಂದಲೇ ಏನಾದರೂ ಹಾಳಾಗಿದ್ದರೆ, ಆ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು. ಹೊರಗೆ ಬ್ರೇಕ್ ಪ್ಯಾಡ್ ಹಾಕಿಸಿದ್ದೀರಿ, ಆಮೇಲೆ ಎ.ಸಿ. ಕಂಪ್ರೆಸರ್ ಕೆಟ್ಟಿತು ಎಂದುಕೊಳ್ಳಿ. ಪ್ಯಾಡಿಗೂ ಕಂಪ್ರೆಸರಿಗೂ ಸಂಬಂಧವೇ ಇಲ್ಲ. ‘ಹೊರಗೆ ಕೈ ಹಾಕಿಸಿದ್ದೀರಿ’ ಎಂದು ಅವರು ನುಣುಚಿಕೊಂಡರೆ ವಾದಕ್ಕೆ ನಿಲ್ಲಬೇಡಿ. ‘ಯಾವ ಕಾರಣಕ್ಕೆ ವಾರಂಟಿ ಇಲ್ಲ ಎಂದು ಜಾಬ್ ಕಾರ್ಡ್ ಮೇಲೆ ಬರೆದುಕೊಡಿ’ ಎಂದು ಕೇಳಿ. ಬರೆಯುವ ಮಾತು ಬಂದಾಗ ಎಷ್ಟೋ ಮಂದಿ ಮ್ಯಾನೇಜರರ ಧ್ವನಿ ಮೆತ್ತಗಾಗುತ್ತದೆ.

ಆದರೂ ವ್ಯವಹಾರದ ಮಾತು ಹೇಳಬೇಕು. ವಾರಂಟಿ ಇರುವಷ್ಟು ದಿನ ನಿಗದಿತ ಸರ್ವಿಸನ್ನು ಕಂಪನಿಯಲ್ಲೇ ಮಾಡಿಸುವುದು ಜಾಣತನ. ನಾಳೆ ಎಂಜಿನ್ ಅಥವಾ ಗೇರ್ ಬಾಕ್ಸಿನಂಥ ದೊಡ್ಡದೇನಾದರೂ ಕೆಟ್ಟಾಗ ದಾಖಲೆ ನಿಮ್ಮ ಪರವಾಗಿರುತ್ತದೆ. ಟೈರು, ಬ್ಯಾಟರಿ, ವೈಪರ್, ಎ.ಸಿ. ಫಿಲ್ಟರ್, ಬಲ್ಬು ಇವನ್ನೆಲ್ಲ ಧಾರಾಳವಾಗಿ ಹೊರಗೆ ಮಾಡಿಸಿ. ಬಿಲ್ ಮಾತ್ರ ಬಿಡಬೇಡಿ. ಬಿಲ್ ಮೇಲೆ ಕಾರಿನ ನಂಬರು, ಓಡಿದ ಕಿಲೋಮೀಟರು, ಬಿಡಿಭಾಗದ ಪಾರ್ಟ್ ನಂಬರು ಇರಲಿ. ತೆಗೆದ ಹಳೆಯ ಭಾಗವನ್ನೂ ಕೇಳಿ ಪಡೆಯಿರಿ. ಅದು ನಿಮ್ಮ ಸೊತ್ತು. ನಿಜವಾಗಿ ಬದಲಿಸಿದ್ದಾರೆ ಎನ್ನುವುದಕ್ಕೆ ಸಾಕ್ಷಿಯೂ ಹೌದು.

ಬಿಡಿಭಾಗ ಎಲ್ಲಿ ಸಿಗುತ್ತದೆ? ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಗೊತ್ತೇ ಇದೆ. ಬೇರೆ ಊರುಗಳಲ್ಲೂ ಆಟೊಮೊಬೈಲ್ ಅಂಗಡಿಗಳ ಒಂದು ಸಾಲು ಇದ್ದೇ ಇರುತ್ತದೆ. ಅಲ್ಲಿ ‘ಕಂಪನಿ ಐಟಂ ಕೊಡಲಾ, ಬೇರೆ ಕೊಡಲಾ’ ಎಂದು ಕೇಳುತ್ತಾರೆ. ಈ ‘ಬೇರೆ’ ಎನ್ನುವುದರಲ್ಲಿ ಎರಡು ಜಾತಿ. ಕಾರು ಕಂಪನಿ ಎಲ್ಲ ಭಾಗಗಳನ್ನೂ ತಾನೇ ತಯಾರಿಸುವುದಿಲ್ಲ. ಸ್ಪಾರ್ಕ್ ಪ್ಲಗ್, ಫಿಲ್ಟರ್, ಕ್ಲಚ್, ಆಲ್ಟರ್ನೇಟರ್ ಇವನ್ನೆಲ್ಲ ಬಾಷ್, ವ್ಯಾಲಿಯೊ, ಲ್ಯೂಕಸ್ ಟಿವಿಎಸ್ ಮುಂತಾದ ಪೂರೈಕೆದಾರರಿಂದ ಕೊಳ್ಳುತ್ತದೆ. ಅಂಥ ಪೂರೈಕೆದಾರರು ತಮ್ಮದೇ ಡಬ್ಬಿಯಲ್ಲೂ ಬಿಡಿಭಾಗ ಮಾರುತ್ತಾರೆ. ಸಾಮಾನ್ಯವಾಗಿ ಬೆಲೆ ಕಡಿಮೆ, ಗುಣಮಟ್ಟಕ್ಕೆ ಮೋಸವಿಲ್ಲ. ಇನ್ನೊಂದು ಜಾತಿ ಅಪ್ಪಟ ಡೂಪ್ಲಿಕೇಟ್. ಬ್ರೇಕು, ಸ್ಟೀರಿಂಗು, ಸಸ್ಪೆನ್ಷನ್ ವಿಷಯದಲ್ಲಿ ಅದರ ಹತ್ತಿರ ಸುಳಿಯಬೇಡಿ. ಪಾರ್ಟ್ ನಂಬರು ಬರೆದುಕೊಂಡು ಹೋಗಿ ತಾಳೆ ನೋಡಿದರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ.

ಈಗಿನ ಕಾರುಗಳಲ್ಲಿ ಎಲ್ಲವೂ ಕಂಪ್ಯೂಟರ್, ನಮಗೇನು ತಿಳಿಯುತ್ತದೆ ಎನ್ನಬಹುದು. ಅಷ್ಟು ಹೆದರುವ ಅಗತ್ಯವಿಲ್ಲ. ಸ್ಟೀರಿಂಗಿನ ಕೆಳಗೆ, ನಿಮ್ಮ ಮೊಣಕಾಲಿನ ಹತ್ತಿರ ಬಗ್ಗಿ ನೋಡಿ. ಹದಿನಾರು ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಇದೇ ಒಬಿಡಿ ಪೋರ್ಟ್. ಕಾರು ತನ್ನ ದೋಷವನ್ನು ತಾನೇ ಹೇಳಿಕೊಳ್ಳುವ ಜಾಗ. ಇದಕ್ಕೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ಸ್ಕ್ಯಾನರ್ ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗಳಿಂದ ಸಿಗುತ್ತದೆ. ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ‘ಆನ್’ಗೆ ತಿರುಗಿಸಿ, ಮೊಬೈಲಿನ ಆ್ಯಪಿಗೆ ಜೋಡಿಸಿ. ಡ್ಯಾಶ್‌ಬೋರ್ಡಿನಲ್ಲಿ ‘ಚೆಕ್ ಎಂಜಿನ್’ ದೀಪ ಉರಿಯುತ್ತಿದ್ದರೆ ಅದರ ಹಿಂದಿನ ಕೋಡ್ ಪರದೆಯ ಮೇಲೆ ಬರುತ್ತದೆ.

ಪೆಟ್ರೋಲ್ ಕಾರೊಂದು ನಡುಗುತ್ತಿದೆ, ಕೋಡ್ ಪಿ0301 ಎಂದು ಬಂದಿದೆ ಎನ್ನೋಣ. ಮೊದಲ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಸ್ಪಾರ್ಕ್ ಪ್ಲಗ್ ಕೆಟ್ಟಿರಬಹುದು, ಅದರ ಮೇಲೆ ಕೂರುವ ಇಗ್ನಿಷನ್ ಕಾಯಿಲ್ ಕೆಟ್ಟಿರಬಹುದು. ಯಾವುದು ಎಂದು ತಿಳಿಯಲು ಹಳೆಯ ಮೆಕ್ಯಾನಿಕ್‌ಗಳ ಒಂದು ಉಪಾಯವಿದೆ. ಕೀ ತೆಗೆದು, ಎಂಜಿನ್ ತಣ್ಣಗಾದ ಮೇಲೆ, ಒಂದನೇ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಒಂದಕ್ಕೂ ಬದಲಿಸಿ. ಕೋಡ್ ಅಳಿಸಿ ಸ್ವಲ್ಪ ದೂರ ಓಡಿಸಿ. ಕೋಡ್ ಈಗ ಪಿ0302 ಎಂದು ಬಂದರೆ ದೋಷ ಕಾಯಿಲ್ ಜೊತೆಗೇ ನಡೆದುಕೊಂಡು ಬಂದಿದೆ, ಬದಲಿಸಬೇಕಾದ್ದು ಅದೊಂದನ್ನೇ. ಪಿ0301 ಅಲ್ಲೇ ಉಳಿದರೆ ಮುಂದಿನ ಅನುಮಾನ ಪ್ಲಗ್ ಮೇಲೆ. ಇಷ್ಟು ತಿಳಿದುಕೊಂಡು ಗ್ಯಾರೇಜಿಗೆ ಹೋದವರಿಗೆ ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಸೇರಿಸಿ ಬಿಲ್ ಹಾಕುವುದು ಕಷ್ಟ.

ಈ ಅಗ್ಗದ ಸ್ಕ್ಯಾನರಿಗೂ ಮಿತಿ ಇದೆ. ಏರ್‌ಬ್ಯಾಗ್, ಎಬಿಎಸ್ ಬ್ರೇಕು, ಕಳೆದ ಕೀ ಬದಲು ಹೊಸ ಕೀ ಜೋಡಿಸುವುದು ಇಂಥವಕ್ಕೆ ಹೆಚ್ಚಾಗಿ ಕಂಪನಿಯದೇ ಸಾಫ್ಟ್‌ವೇರ್ ಬೇಕು. ಹೊರಗಿನ ಗ್ಯಾರೇಜಿಗೆ ಬೀಗ ಬಿದ್ದಿರುವುದು ಇಲ್ಲೇ. ಸ್ಪ್ಯಾನರ್ ಹಿಡಿಯಲು ಯಾರೂ ಅಡ್ಡಿ ಮಾಡುತ್ತಿಲ್ಲ, ಪಾಸ್‌ವರ್ಡ್ ಕೊಡುತ್ತಿಲ್ಲ ಅಷ್ಟೆ. ನನ್ನ ಪ್ರಕಾರ ರಿಪೇರಿ ಹಕ್ಕಿನ ಮುಂದಿನ ಜಗಳವೆಲ್ಲ ಇದರ ಸುತ್ತಲೇ ನಡೆಯಲಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಈ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ವಾಹನಗಳನ್ನೂ ಸೇರಿಸಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್ ಇಂಡಿಯಾ’ ಪೋರ್ಟಲ್ ತೆರೆಯಿತು. ಕಂಪನಿಗಳು ಕೊಟ್ಟ ರಿಪೇರಿ ಮಾಹಿತಿ ಅಲ್ಲಿ ಸಿಗುತ್ತದೆ. ಕಂಪನಿ ತಾನಾಗಿ ಕೊಟ್ಟಷ್ಟೇ ಸಿಗುತ್ತದೆ ಎಂಬುದು ನೆನಪಿರಲಿ.

ಇನ್ನು ಮಾರ್ಪಾಡು. ಇಲ್ಲಿ ಕಾನೂನು ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಖಚಿತವಾಗಿ ಹೇಳಿತು. ಹಾಗಾದರೆ ಸೀಟ್ ಕವರ್ ಹಾಕಿಸುವುದೂ ತಪ್ಪೇ? ಅಲ್ಲ. ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ಬದಲಾವಣೆಗೆ ಮಾತ್ರ ಆ ಸೆಕ್ಷನ್ ‘ಮಾರ್ಪಾಡು’ ಎನ್ನುತ್ತದೆ. ಮ್ಯೂಸಿಕ್ ಸಿಸ್ಟಮ್, ಮ್ಯಾಟು, ರಿವರ್ಸ್ ಕ್ಯಾಮೆರಾ ಇವಕ್ಕೆ ಯಾರ ಅನುಮತಿಯೂ ಬೇಡ. ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುವ ಕಾರಾದರೆ, ಅದು ಬಿಚ್ಚಿಕೊಳ್ಳಲು ದಾರಿ ಬಿಟ್ಟು ಹೊಲಿದ ಕವರನ್ನೇ ಕೊಳ್ಳಿ.

ಬಣ್ಣ ಬದಲಿಸಬಹುದು. ಆದರೆ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುವುದರಿಂದ ಮೊದಲು ಆರ್‌ಟಿಒ ಅನುಮತಿ ಪಡೆದು, ಆಮೇಲೆ ಗಾಡಿ ತೋರಿಸಿ ತಿದ್ದಿಸಿಕೊಳ್ಳಬೇಕು. ಸಾಲ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಸೇನೆಯ ಆಲಿವ್ ಹಸಿರು ಮಾತ್ರ ಖಾಸಗಿಯವರಿಗೆ ಇಲ್ಲವೇ ಇಲ್ಲ. ಸಿಎನ್‌ಜಿ ಕಿಟ್ ಹಾಕಿಸಬಹುದು, ಅದು ನಿಮ್ಮ ಮಾಡೆಲಿಗೆ ಅನುಮೋದನೆ ಪಡೆದ ಕಿಟ್ ಆಗಿರಬೇಕು. ಆರ್‌ಸಿಯಲ್ಲಿ ಇಂಧನ ಬದಲಾಗಬೇಕು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಅಂಗವಿಕಲರು ಕೈಯಲ್ಲೇ ಬ್ರೇಕು, ಆ್ಯಕ್ಸಿಲರೇಟರ್ ನಡೆಸುವಂತೆ ಕಾರನ್ನು ಹೊಂದಿಸಿಕೊಳ್ಳಲೂ ಆರ್‌ಟಿಒ ಮೂಲಕ ದಾರಿ ಇದೆ.

ಕಬ್ಬಿಣದ ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಕಾರಣ ಸರಳ. ಗುದ್ದಿದಾಗ ಮೆತ್ತಗಾಗಿ ಪೆಟ್ಟು ಹೀರಬೇಕಾದ ಬಂಪರಿನ ಕೆಲಸವನ್ನು ಅದು ಕೆಡಿಸುತ್ತದೆ, ಏರ್‌ಬ್ಯಾಗಿನ ಸೆನ್ಸರಿಗೂ ಅಡ್ಡ ಬರುತ್ತದೆ. ಎದುರಿನ ಪಾದಚಾರಿಯ ಗತಿಯಂತೂ ಕೇಳುವುದೇ ಬೇಡ. ಅನುಮತಿಯಿಲ್ಲದ ಮಾರ್ಪಾಡಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದಂಡಕ್ಕಿಂತ ದೊಡ್ಡ ಹೊಡೆತ ಇನ್ಶೂರೆನ್ಸಿನಲ್ಲಿ ಬೀಳುತ್ತದೆ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತವಾದ ದಿನ ಕ್ಲೇಮ್ ತಿರಸ್ಕರಿಸಲು ಕಾರಣವಾಗುತ್ತದೆ.

ಕೊನೆಗೆ, ತಕರಾರು ಬಂದರೆ ಎಲ್ಲಿಗೆ ಹೋಗಬೇಕು? ಮೊದಲು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆಯಿರಿ, ಫೋನಿನಲ್ಲಿ ಮುಗಿಸಬೇಡಿ. ಆಗಲಿಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಇದು ಉಚಿತ. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕು ಎಂದೇನೂ ಇಲ್ಲ, ನೀವೇ ವಾದಿಸಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಬಿಲ್, ಜಾಬ್ ಕಾರ್ಡ್, ಇಮೇಲ್ ಪ್ರತಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸಿಟ್ಟುಕೊಂಡು ಹೋಗಿ.