ನಾಯಿ ನೋಡಿ ಕಲಿಯುತ್ತದೆಯೇ?

ಮೆಣಸಗಿಯಂಥ ಊರಿನಲ್ಲಿ ಹೊಲಕ್ಕೆ ಹೊರಟ ಒಡೆಯನ ಹಿಂದೆ ನಾಯಿಯೂ ಹೋಗುವುದನ್ನು ಕಂಡಿರುತ್ತೀರಿ. ಬೇಲಿ ಅಡ್ಡ ಬಂದರೆ ಅದು ಸುತ್ತಿಕೊಂಡು ಹೋಗುತ್ತದೆ. ಇದನ್ನು ಒಡೆಯನನ್ನು ನೋಡಿ ಕಲಿಯಿತೇ, ತಾನೇ ತಡಕಾಡಿ ಕಲಿಯಿತೇ? ನೋಡಿದಷ್ಟರಿಂದಲೇ ಹೇಳಲಾಗದು, ಹೋಲಿಕೆ ಬೇಕು.

ಬುಡಾಪೆಸ್ಟ್‌ನ ಪೀಟರ್ ಪೊಂಗ್ರಾಟ್ಸ್ ಮತ್ತು ಸಂಗಡಿಗರು 2001ರಲ್ಲಿ ಇಂಥ ಹೋಲಿಕೆಯನ್ನು ಪ್ರಕಟಿಸಿದರು. ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಬೇಲಿ, ಅದರ ಒಳಮೂಲೆಯಲ್ಲಿ ಆಟಿಕೆ ಇಲ್ಲವೆ ತಿನಿಸು, ನಾಯಿ ಹೊರಗೆ. ತಿನಿಸು ಸಿಗಬೇಕಾದರೆ ಮೊದಲು ಅದರಿಂದ ದೂರ ಸರಿಯಬೇಕು! ತಾವಾಗಿಯೇ ಯತ್ನಿಸಿದ ನಾಯಿಗಳು ಆರು ಸರದಿಗಳಲ್ಲೂ ಗಮನಾರ್ಹವಾಗಿ ಸುಧಾರಿಸಲಿಲ್ಲ. ಮನುಷ್ಯರು ಸುತ್ತಿ ಹೋದುದನ್ನು ಕಂಡವು ಎರಡು-ಮೂರು ಸರದಿಗಳಲ್ಲೇ ಸುಧಾರಿಸಿದವು. ತೋರಿಸಿದವರು ಒಡೆಯರಾಗಲಿ, ಅಪರಿಚಿತರಾಗಲಿ, ಪರಿಣಾಮ ಒಂದೇ.

ವಾಸನೆ ಹಿಡಿದು ಹೋಗಿರಬಹುದಲ್ಲವೇ? ಹಾಗಿದ್ದರೆ ಹೆಜ್ಜೆಯ ಜಾಡಿನಲ್ಲೇ ಸಾಗಬೇಕಿತ್ತು. ಅವು ಅದೇ ದಾರಿಯನ್ನು ಯಥಾವತ್ತಾಗಿ ಹಿಡಿಯಲಿಲ್ಲ. ಸುತ್ತಿ ಹೋಗುವ ಉಪಾಯವನ್ನಷ್ಟೇ ತೆಗೆದುಕೊಂಡವು.

ನೀವೂ ಮಾಡಿ ನೋಡಿ. ರೇಬಿಸ್ ಲಸಿಕೆ ಹಾಕಿಸಿದ ಸಾಕುನಾಯಿಗಳೇ ಇರಲಿ, ಒಡೆಯರು ಜೊತೆಗಿರಲಿ. ಅರ್ಧದಷ್ಟು ನಾಯಿಗಳಿಗೆ ತೋರಿಸಿ, ಉಳಿದವಕ್ಕೆ ತೋರಿಸಬೇಡಿ. ಪ್ರತಿ ಸರದಿಯ ಸಮಯ ಬರೆದಿಡಿ. ತೋರಿಸದ ಗುಂಪು ಇಲ್ಲದಿದ್ದರೆ ‘ನೋಡಿ ಕಲಿಯಿತು’ ಎಂಬ ಮಾತಿಗೆ ಆಧಾರವಿಲ್ಲ.